ಚೆಂಡಾಟದ ಪಾಠ

ಶಾಲೆಯ ವೇಳಾಪಟ್ಟಿಯಲ್ಲಿ ಗಣಿತಕ್ಕೆ ಒಂದು ಸ್ಥಾನವುಂಟು, ಭಾಷೆಗೆ ಒಂದು ಸ್ಥಾನವುಂಟು, ವ್ಯಾಯಾಮಕ್ಕೂ ಒಂದು ಸ್ಥಾನವುಂಟು. ಆದರೆ ಮೊದಲಿನವೆರಡನ್ನು ಪಾಠವೆಂದೂ ಮೂರನೆಯದನ್ನು ಬಿಡುವೆಂದೂ ಎಣಿಸುವ ರೂಢಿಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ವ್ಯಾಯಾಮದ ಗಂಟೆ ಬಾರಿಸಿದೊಡನೆ ಒಂದು ಚೆಂಡನ್ನು ತರಗತಿಯ ನಡುವೆ ಎಸೆದು, “ಹೋಗಿ, ಆಡಿಕೊಳ್ಳಿ” ಎಂದುಬಿಟ್ಟರೆ ಶಿಕ್ಷಕರ ಕರ್ತವ್ಯವು ಮುಗಿಯಿತೆಂದು ತಿಳಿಯುವವರು ಹಲವರಿದ್ದಾರೆ. ಗಣಿತದ ಪುಸ್ತಕವೊಂದನ್ನು ತರಗತಿಯ ನಡುವೆ ಎಸೆದು, “ಹೋಗಿ, ಲೆಕ್ಕ ಮಾಡಿಕೊಳ್ಳಿ” ಎನ್ನುವ ಉಪಾಧ್ಯಾಯರನ್ನು ಯಾರಾದರೂ ಒಪ್ಪುವರೇ? ಚೆಂಡನ್ನು ಹಿಡಿಯುವುದೂ ಎಸೆಯುವುದೂ ಗುಣಾಕಾರ ಭಾಗಾಕಾರಗಳಂತೆಯೇ ಕಲಿತು ಬರುವ ವಿದ್ಯೆಗಳು. ಕಲಿಸದೆ ಬಿಟ್ಟರೆ, ಬೀದಿಯಲ್ಲಿ ಮೊದಲೇ ಕಲಿತವರು ಮಾತ್ರ ಆಡುತ್ತಾರೆ, ಉಳಿದವರು ನೋಡುತ್ತಾರೆ.

ಈ ನೋಡುವವರನ್ನು ಕುರಿತೇ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ಆರರಿಂದ ಎಂಟನೆಯ ತರಗತಿಯವರೆಗಿನ ಯಾವ ವರ್ಗವನ್ನಾದರೂ ಅಂಗಳಕ್ಕೆ ಕರೆದುಕೊಂಡು ಹೋಗಿ ಒಂದೇ ಚೆಂಡನ್ನು ಕೊಟ್ಟು ನೋಡಿ. ಏಳೆಂಟು ಮಂದಿ ಚೆಂಡಿನ ಬೆನ್ನು ಹತ್ತುತ್ತಾರೆ. ಹತ್ತು ಹನ್ನೆರಡು ಮಂದಿ ಅವರ ಬೆನ್ನು ಹತ್ತುತ್ತಾರೆ. ಉಳಿದವರು ಗೋಡೆಯ ನೆರಳನ್ನು ಹಿಡಿದು ನಿಲ್ಲುತ್ತಾರೆ. ಒಬ್ಬನಿಗೆ ಕಾಲುನೋವು, ಇನ್ನೊಬ್ಬಳಿಗೆ ಜಡೆ ಬಿಚ್ಚಿದೆ, ಮತ್ತೊಬ್ಬನು ಚಪ್ಪಲಿಗಳನ್ನು ಕಾಯುತ್ತಾನೆ. ಚಪ್ಪಲಿಗಳನ್ನು ಕಾಯುವ ಆ ಹುಡುಗನಿಗೆ ಆಟ ಬೇಡವೆಂದು ನಾವು ಎಂದಿಗೂ ತಿಳಿಯಬಾರದು. ಬೇಕೆಂದು ಹೇಳುವ ಧೈರ್ಯವು ಅವನಿಗಿಲ್ಲ, ಅಷ್ಟೆ.

ನಮ್ಮ ಓದುಗರು ಲೆಕ್ಕದಲ್ಲಿ ಜಾಣರಾದ್ದರಿಂದ ಇದನ್ನು ಲೆಕ್ಕ ಮಾಡಿಯೇ ನೋಡೋಣ. ವರ್ಗದಲ್ಲಿ ೪೦ ಮಂದಿ ಇದ್ದಾರೆನ್ನಿ. ಸಾಲು ಕಟ್ಟಿ ಹೊರಬರುವುದು, ಹಾಜರಿ, ಮೈ ಬಿಸಿ ಮಾಡಿಕೊಳ್ಳುವುದು ಇವೆಲ್ಲ ಕಳೆದು ಆಟಕ್ಕೆ ೩೦ ನಿಮಿಷ, ಅಂದರೆ ೧೮೦೦ ಸೆಕೆಂಡುಗಳು ಉಳಿಯುತ್ತವೆ. ಚೆಂಡು ಒಬ್ಬರ ಬಳಿ ೩ ಸೆಕೆಂಡು ನಿಂತು ಮುಂದಿನವರಿಗೆ ಹೋಗುವುದಾದರೆ, ಆ ಅವಧಿಯಲ್ಲಿ ಅದು ೬೦೦ ಬಾರಿ ಕೈ ಬದಲಾಯಿಸುತ್ತದೆ. ಸಮನಾಗಿ ಹಂಚಿದರೆ ತಲೆಗೆ ೧೫ ಬಾರಿ. ಆದರೆ ಚೆಂಡು ಸಮನಾಗಿ ಹಂಚಿಹೋಗುವುದಿಲ್ಲ. ಚುರುಕಾದ ೮ ಮಂದಿ ೫೦೦ ಸಾರಿ ಅದನ್ನು ತಮ್ಮದಾಗಿಸಿಕೊಂಡರೆ, ಉಳಿದ ೩೨ ಮಂದಿಗೆ ದೊರೆಯುವುದು ೧೦೦, ತಲೆಗೆ ಮೂರು! ವಾರಕ್ಕೆರಡು ಗಂಟೆ ವ್ಯಾಯಾಮವಿದ್ದರೆ ಒಂದು ಮಗುವಿಗೆ ಆರು ಬಾರಿ ಚೆಂಡು ಸಿಕ್ಕಿತು. ವಾರಕ್ಕೆ ಆರು ಅಕ್ಷರಗಳನ್ನು ಬರೆದು ಯಾರು ತಾನೇ ಬರವಣಿಗೆ ಕಲಿತಾರು? ಅದೇ ವರ್ಗವನ್ನು ನಾಲ್ಕು ನಾಲ್ಕು ಮಂದಿಯ ಹತ್ತು ಗುಂಪುಗಳಾಗಿ ಮಾಡಿ ಗುಂಪಿಗೊಂದು ಚೆಂಡನ್ನು ಕೊಟ್ಟರೆ ತಲೆಗೆ ೧೫೦ ಬಾರಿ ಚೆಂಡು ಬರುತ್ತದೆ. ಮೂರು ಎಲ್ಲಿ, ನೂರೈವತ್ತು ಎಲ್ಲಿ! ಆದುದರಿಂದ ಚೆಂಡಾಟದ ಪಾಠವು ಚೆನ್ನಾಗಿ ನಡೆಯಿತೇ ಇಲ್ಲವೇ ಎಂಬುದಕ್ಕೆ ನಾವು ಹಿಡಿಯುವ ಅಳತೆಗೋಲು ಇದೊಂದೇ: ಎಲ್ಲರಿಗಿಂತ ಹಿಂದುಳಿದ ಮಗುವಿಗೆ ಈ ದಿನ ಚೆಂಡು ಎಷ್ಟು ಸಲ ಸಿಕ್ಕಿತು?

“ಹತ್ತು ಚೆಂಡುಗಳನ್ನು ಎಲ್ಲಿಂದ ತರುವುದು? ಹತ್ತು ಗುಂಪುಗಳನ್ನು ಎಲ್ಲಿ ನಿಲ್ಲಿಸುವುದು?” ಎಂಬ ಪ್ರಶ್ನೆಗಳು ಒಡನೆಯೇ ಏಳುತ್ತವೆ. ಮೊದಲನೆಯದು ಸುಲಭ. ಹಳೆಯ ಕಾಲುಚೀಲದೊಳಗೆ ಬಟ್ಟೆಯ ಚೂರುಗಳನ್ನು ಒತ್ತಿ ತುಂಬಿ, ಬಾಯಿಯನ್ನು ಹೊಲಿದು, ಮೇಲೆ ದಾರವನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಬಿಗಿದು ಸುತ್ತಿದರೆ ಉತ್ತಮವಾದ ಚೆಂಡಾಗುತ್ತದೆ. ಅದು ಪುಟಿಯುವುದಿಲ್ಲವೆಂಬುದು ನಿಜ. ಆದರೆ ಅದು ಮುಖಕ್ಕೆ ಬಡಿದರೂ ನೋವಾಗುವುದಿಲ್ಲ, ಕಿಟಕಿಯ ಗಾಜನ್ನು ಒಡೆಯುವುದಿಲ್ಲ, ಚರಂಡಿಗೆ ಬಿದ್ದರೆ ಯಾರೂ ಅಳುವುದಿಲ್ಲ. ಹೆದರುವ ಮಕ್ಕಳಿಗೆ ಮೊದಲ ಪಾಠ ಇದರಲ್ಲಿಯೇ ಆಗಬೇಕು.

ಎರಡನೆಯ ಪ್ರಶ್ನೆಯು ದಿಲ್‌ಸುಖ್‌ನಗರದ ನಮಗೆ ಹೆಚ್ಚು ಕಠಿಣವಾದುದು. ವಿಜಯವಾಡದ ಹೆದ್ದಾರಿಯ ಎರಡೂ ಬದಿಗಳಲ್ಲಿ ಅಂಗಡಿಗಳು, ಅಂಗಡಿಗಳ ಮೇಲೆ ತರಬೇತಿಯ ಕೇಂದ್ರಗಳು, ಅವುಗಳ ಹಿಂದೆ ಒಂದಕ್ಕೊಂದು ಅಂಟಿಕೊಂಡ ಅಪಾರ್ಟ್‌ಮೆಂಟುಗಳು; ೨೦೧೮ರಿಂದ ಇವೆಲ್ಲದರ ನಡುವೆ ತಲೆಯ ಮೇಲೆ ಓಡುವ ಮೆಟ್ರೋ ರೈಲು. ಗಲ್ಲಿಯಲ್ಲಿ ಆಡೋಣವೆಂದರೆ ನಿಲ್ಲಿಸಿದ ವಾಹನಗಳು ಬಿಡುವುದಿಲ್ಲ, ಕೆಳಮನೆಯವರೂ ಬಿಡುವುದಿಲ್ಲ. ಶಾಲೆಗೆ ಆಟದ ಮೈದಾನವಿರಬೇಕೆಂದು ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ವಿಧಿಸಿದೆ. ಆದರೆ ನೆಲದ ಬೆಲೆ ಏರಿದ ನಗರಗಳಲ್ಲಿ ಮೈದಾನವೆಂದರೆ ಅನೇಕ ಕಡೆ ಪ್ರಾರ್ಥನೆಗೆ ಸಾಲು ನಿಲ್ಲುವ ಸಿಮೆಂಟಿನ ಅಂಗಳವೇ ಸರಿ. ಅಂತಹ ಅಂಗಳದಲ್ಲಿ ಕಾಲ್ಚೆಂಡಿನ ಪೂರ್ಣ ಪಂದ್ಯವನ್ನು ಆಡಲಾಗದು. ಆದರೆ ಚೆಂಡಾಟವನ್ನು ಕಲಿಸಲಾಗದೆಂದು ಇದರಿಂದ ಸಿದ್ಧವಾಗುವುದಿಲ್ಲ. ನಾವು ಇಂದು ದೊಡ್ಡ ಆಟಗಳೆಂದು ಗೌರವಿಸುವ ಎರಡು ಚೆಂಡಾಟಗಳು ಹುಟ್ಟಿದ್ದೇ ಇಂತಹ ಇಕ್ಕಟ್ಟಿನಲ್ಲಿ. ಅವನ್ನು ಹುಟ್ಟಿಸಿದವರು ವ್ಯಾಯಾಮದ ಶಿಕ್ಷಕರು.

೧೮೯೧ರ ಡಿಸೆಂಬರ್ ತಿಂಗಳು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹಿಮ ಬಿದ್ದು ಹೊರಗೆ ಆಡುವಂತಿರಲಿಲ್ಲ. ಒಳಗಿನ ವ್ಯಾಯಾಮಶಾಲೆಯಲ್ಲಿ ಅದೇ ಕವಾಯತನ್ನು ಮಾಡಿ ಮಾಡಿ ಬೇಸತ್ತ ೧೮ ಮಂದಿ ವಿದ್ಯಾರ್ಥಿಗಳು ಶಿಕ್ಷಕರ ಮಾತನ್ನೇ ಕೇಳದಂತಾಗಿದ್ದರು. ಕೆನಡಾ ದೇಶದವರಾದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರಿಗೆ ಅವರ ಮೇಲಧಿಕಾರಿಗಳು, ಹದಿನಾಲ್ಕು ದಿನಗಳೊಳಗಾಗಿ ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಕಂಡುಹಿಡಿಯಬೇಕೆಂದು ಆಜ್ಞಾಪಿಸಿದರು. ನೈಸ್ಮಿತ್ತರು ಆಲೋಚಿಸಿದರು. ಇಕ್ಕಟ್ಟಾದ ಕೋಣೆಯಲ್ಲಿ ಚೆಂಡನ್ನು ಹಿಡಿದು ಓಡಿದರೆ ತಡೆಯುವವರು ಬಂದು ಡಿಕ್ಕಿ ಹೊಡೆಯುತ್ತಾರೆ, ಪೆಟ್ಟಾಗುತ್ತದೆ. ಆದುದರಿಂದ ಚೆಂಡನ್ನು ಹಿಡಿದವನು ಓಡಕೂಡದು, ಇನ್ನೊಬ್ಬರಿಗೆ ಎಸೆಯಬೇಕು. ಗುರಿಯು ನೆಲದ ಮಟ್ಟದಲ್ಲಿದ್ದರೆ ಬಲವಾಗಿ ಬೀಸಿ ಹೊಡೆಯುತ್ತಾರೆ. ಆದುದರಿಂದ ಗುರಿಯನ್ನು ತಲೆಯ ಮೇಲಕ್ಕೆ ಏರಿಸಬೇಕು. ಕೋಣೆಯ ಸುತ್ತಲಿನ ಮೊಗಸಾಲೆಯ ಅಂಚು ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಅದಕ್ಕೆ ಹಣ್ಣಿನ ಬುಟ್ಟಿಗಳೆರಡನ್ನು ಮೊಳೆ ಹೊಡೆದು ನಿಲ್ಲಿಸಿದರು, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದರು, ಒಂಬತ್ತು ಒಂಬತ್ತು ಮಂದಿಯನ್ನು ಇಬ್ಭಾಗವಾಗಿ ನಿಲ್ಲಿಸಿದರು. ಬಾಸ್ಕೆಟ್‌ಬಾಲ್ ಹುಟ್ಟಿತು. ಮೊದಲ ಪಂದ್ಯದಲ್ಲಿ ಬಿದ್ದುದು ಒಂದೇ ಒಂದು ಗೋಲು. ಬುಟ್ಟಿಗೆ ತಳವಿದ್ದುದರಿಂದ ಒಳಗೆ ಬಿದ್ದ ಚೆಂಡನ್ನು ತೆಗೆಯಲು ಏಣಿ ಹತ್ತಬೇಕಾಗುತ್ತಿತ್ತು! ಇಂದಿಗೂ ಜಗತ್ತಿನ ಎಲ್ಲೆಡೆಯೂ ಬಾಸ್ಕೆಟ್‌ಬಾಲಿನ ಬಳೆಯು ಹತ್ತು ಅಡಿ ಎತ್ತರದಲ್ಲಿರುವುದಕ್ಕೆ ಆ ಮೊಗಸಾಲೆಯ ಎತ್ತರವೇ ಕಾರಣ.

ನಾಲ್ಕು ವರ್ಷಗಳ ತರುವಾಯ, ೧೮೯೫ರಲ್ಲಿ, ಅದಕ್ಕೆ ಸಮೀಪದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬ ವ್ಯಾಯಾಮದ ನಿರ್ದೇಶಕರಿಗೆ ಇನ್ನೊಂದು ತೊಡಕು ಎದುರಾಯಿತು. ಅವರ ಬಳಿಗೆ ಬರುತ್ತಿದ್ದವರಲ್ಲಿ ನಡುವಯಸ್ಸಿನ ವ್ಯಾಪಾರಸ್ಥರು ಹೆಚ್ಚು. ಬಾಸ್ಕೆಟ್‌ಬಾಲಿನ ಓಟವೂ ತಳ್ಳಾಟವೂ ಅವರಿಗೆ ಒಗ್ಗಲಿಲ್ಲ. ಎರಡು ಪಕ್ಷಗಳ ನಡುವೆ ಬಲೆಯನ್ನು ಕಟ್ಟಿದರೆ ಮೈಗೆ ಮೈ ತಾಗುವ ಪ್ರಸಂಗವೇ ಬಾರದೆಂದು ಮಾರ್ಗನ್ನರು ಕಂಡುಕೊಂಡರು. ವಾಲಿಬಾಲ್ ಬಂದುದು ಹೀಗೆ. ಅವರ ಬಲೆಯ ಎತ್ತರವು ಆರೂವರೆ ಅಡಿ ಮಾತ್ರ. ಇಂದಿನ ಪುರುಷರ ಪಂದ್ಯಗಳ ಬಲೆಯನ್ನು ಎಂಟು ಅಡಿಗೆ ಸ್ವಲ್ಪ ಕಡಮೆ ಎತ್ತರಕ್ಕೆ ಕಟ್ಟುತ್ತಾರೆ. ಆರನೆಯ ತರಗತಿಯ ಮಕ್ಕಳನ್ನು ಅದರ ಕೆಳಗೆ ನಿಲ್ಲಿಸಿ “ಆಡಿ” ಎನ್ನುವವರನ್ನೂ ನಾವು ನೋಡಿದ್ದೇವೆ.

ಈ ಎರಡು ಕಥೆಗಳಿಂದ ನಾವು ಗ್ರಹಿಸಬೇಕಾದುದು ಒಂದುಂಟು. ಆಟದ ನಿಯಮಗಳು ಆಕಾಶದಿಂದ ಇಳಿದು ಬಂದವುಗಳಲ್ಲ. ಇರುವ ಜಾಗ, ಇರುವ ಜನ, ಇರುವ ಸಾಮಗ್ರಿ ಇವುಗಳಿಗೆ ತಕ್ಕಂತೆ ಶಿಕ್ಷಕರು ಅವನ್ನು ಹೊಲಿದರು. ಹೊಲಿದ ಅಂಗಿಯನ್ನು ಮಗುವಿನ ಅಳತೆಗೆ ತಕ್ಕಂತೆ ಕತ್ತರಿಸುವುದರಲ್ಲಿ ತಪ್ಪೇನಿದೆ? ಪಂದ್ಯಾಟಕ್ಕೆ ಹೋಗುವಾಗ ಪಂದ್ಯದ ನಿಯಮ. ಪಾಠದ ಗಂಟೆಯಲ್ಲಿ ಪಾಠಕ್ಕೆ ಬೇಕಾದ ನಿಯಮ.

ಇಷ್ಟು ದೂರದ ಉದಾಹರಣೆಗಳೇಕೆ? ನಮ್ಮ ನಗರದಲ್ಲಿಯೇ ಇದನ್ನು ಮಾಡಿ ತೋರಿಸಿದವರಿದ್ದರು. ದಿಲ್‌ಸುಖ್‌ನಗರದಿಂದ ಪಶ್ಚಿಮಕ್ಕೆ ಮೂಸಾರಾಂಬಾಗ್, ಮಲಕ್‌ಪೇಟೆಗಳನ್ನು ಹಾದು ಸೇತುವೆಯ ಮೇಲೆ ಮೂಸಿ ನದಿಯನ್ನು ದಾಟಿದರೆ ಚಾದರಘಾಟ್. ಅಲ್ಲಿಂದ ಮುಂದೆ, ಕರ್ನಾಟಕ ಸಾಹಿತ್ಯ ಮಂದಿರದ ಮೂಲಕ ಈ ಊರಿನ ಕನ್ನಡಿಗರೆಲ್ಲರಿಗೂ ಪರಿಚಿತವಾದ ಕಾಚಿಗುಡ. ಈ ಎರಡು ಬಡಾವಣೆಗಳ ಶಾಲೆಗಳಲ್ಲಿ, ಮೊದಲು ಕಾಚಿಗುಡದ ಮಾಧ್ಯಮಿಕ ಶಾಲೆಯಲ್ಲಿಯೂ ಮುಂದೆ ಚಾದರಘಾಟಿನ ಪ್ರೌಢಶಾಲೆಯಲ್ಲಿಯೂ, ಸೈಯದ್ ಅಬ್ದುಲ್ ರಹೀಮ್ ಎಂಬ ಉಪಾಧ್ಯಾಯರೊಬ್ಬರು ಕೆಲಸ ಮಾಡಿದ್ದರು. ೧೯೦೯ರಲ್ಲಿ ಹೈದರಾಬಾದಿನಲ್ಲಿ ಜನಿಸಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಿಕ್ಷಕರಾದ ಅವರು, ಅನಂತರ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಗಳ ಆಟಪಾಠಗಳ ಹೊಣೆಯನ್ನು ಹೊತ್ತರು. ಈ ರಹೀಮ್ ಸಾಹೇಬರೇ ಹೈದರಾಬಾದ್ ನಗರ ಪೊಲೀಸ್ ತಂಡವನ್ನು ೧೯೪೩ರಿಂದ ತಿದ್ದಿ, ಅದು ೧೯೫೦ರಿಂದ ೧೯೫೪ರವರೆಗೆ ಎಡೆಬಿಡದೆ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆಲ್ಲುವಂತೆ ಮಾಡಿದವರು. ಭಾರತದ ಕಾಲ್ಚೆಂಡಿನ ತಂಡವು ಅವರ ಶಿಕ್ಷಣದಲ್ಲಿ ೧೯೫೧ರ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನವನ್ನು ಗೆದ್ದಿತು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು ೪–೨ರಿಂದ ಸೋಲಿಸಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. ೧೯೬೨ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು ೨–೧ರಿಂದ ಮಣಿಸಿ ಮತ್ತೊಮ್ಮೆ ಚಿನ್ನವನ್ನು ತಂದಿತು. ಅಂದು ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು ಮರುವರ್ಷವೇ, ೧೯೬೩ರ ಜೂನಿನಲ್ಲಿ, ತೀರಿಕೊಂಡರು. ೨೦೨೪ರಲ್ಲಿ ತೆರೆಕಂಡ ‘ಮೈದಾನ್’ ಎಂಬ ಹಿಂದಿ ಚಲನಚಿತ್ರದಲ್ಲಿ ಅವರ ಜೀವನವನ್ನು ಕೆಲವರಾದರೂ ನೋಡಿರಬಹುದು. ಚಲನಚಿತ್ರದಲ್ಲಿ ದೊಡ್ಡ ಪಂದ್ಯಗಳೇ ಕಣ್ಣು ತುಂಬುತ್ತವೆ. ಶಾಲೆಯ ಮಾಸ್ತರರು ಹಿಂದೆ ಸರಿಯುತ್ತಾರೆ. ನಮಗೆ ಬೇಕಾದವರು ಆ ಮಾಸ್ತರರು.

ರಹೀಮ್ ಸಾಹೇಬರು ಎಳೆಯ ಆಟಗಾರರಿಗಾಗಿ ವಿಚಿತ್ರವೆಂದು ತೋರುವ ಪಂದ್ಯಾಟಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಚೆಂಡನ್ನು ಕಾಲಲ್ಲಿ ಆಡಿಸುತ್ತಾ ಒಬ್ಬನೇ ಮುಂದೆ ಸಾಗುವುದು ನಿಷಿದ್ಧ; ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಲೇಬೇಕು. ಇನ್ನೊಂದರಲ್ಲಿ ಬಲಗಾಲಿನ ಹುಡುಗನು ಎಡಗಾಲಿನಿಂದಲೇ ಆಡಬೇಕು. ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲನೆಯ ಆಟದಲ್ಲಿ, ಅಂಗಳವನ್ನೆಲ್ಲ ಒಬ್ಬನೇ ಸುತ್ತಿ ಮೆರೆಯುವ ಚತುರನ ಕೈ ಕಟ್ಟಿದಂತಾಯಿತು. ಕಾಲು ಕಟ್ಟಿದಂತಾಯಿತು ಎನ್ನಬೇಕೇನೋ! ಅವನು ಈಗ ತಲೆಯೆತ್ತಿ ಜೊತೆಯವರು ಎಲ್ಲೆಲ್ಲಿ ಇದ್ದಾರೆಂದು ನೋಡಲೇಬೇಕು. ಆಗ ಗೋಡೆಯ ಬಳಿ ನಿಂತವನಿಗೂ ಚೆಂಡು ಬರುತ್ತದೆ. ಎರಡನೆಯ ಆಟದಲ್ಲಿ ಚತುರನೂ ಮಂದನೂ ಒಂದೇ ಮಟ್ಟಕ್ಕೆ ಬರುತ್ತಾರೆ. ಎಡಗಾಲಿನ ವಿಷಯದಲ್ಲಿ ಬಹುಮಟ್ಟಿಗೆ ಎಲ್ಲರೂ ಒಂದನೆಯ ತರಗತಿಯವರೇ ಅಲ್ಲವೇ? ಮೈದಾನದಲ್ಲಿ ನಿಂತು “ದಾಟಿಸು, ದಾಟಿಸು” ಎಂದು ಗಂಟಲು ಹರಿಯುವಂತೆ ಕೂಗುವ ಬದಲು, ದಾಟಿಸದಿದ್ದರೆ ಆಟವೇ ಮುಂದುವರಿಯದಂತಹ ನಿಯಮವನ್ನು ಮಾಡಿ ಸುಮ್ಮನಾಗುವುದು. ಕಲಿಸುವ ಕೆಲಸವನ್ನು ನಿಯಮವೇ ಮಾಡಿಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಂಡಿಲ್ಲ.

ಈ ಉಪಾಯವನ್ನು ನಮ್ಮ ಲಗೋರಿಗೆ ಹೊಂದಿಸಬಹುದು. ಕಲಬುರಗಿ, ಬೀದರ, ರಾಯಚೂರುಗಳ ಕಡೆಯ ಅಜ್ಜಿಯ ಮನೆಗೆ ರಜೆಯಲ್ಲಿ ಹೋಗುವವರಿಗೆ ಲಗೋರಿಯನ್ನು ಪರಿಚಯಿಸಬೇಕಾದುದಿಲ್ಲ. ಇಲ್ಲಿನ ತೆಲುಗು ಮಕ್ಕಳು ಇದನ್ನೇ ಏಡು ಪೆಂಕುಲಾಟ ಎನ್ನುತ್ತಾರೆ. ಪೆಂಕು ಎಂದರೆ ಹೆಂಚಿನ ಚೂರು. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಗೆರೆಯಾಚೆಯಿಂದ ಚೆಂಡೆಸೆದು ಉರುಳಿಸುವುದು. ಎದುರು ಪಕ್ಷದವರು ಚೆಂಡಿನಿಂದ ಹೊಡೆದು ಔಟು ಮಾಡುವುದರೊಳಗೆ ಮತ್ತೆ ಪೇರಿಸಿ “ಲಗೋರಿ” ಎಂದು ಕೂಗುವುದು. ನೋಡಲು ಸಾಮಾನ್ಯವಾದ ಈ ಆಟದಲ್ಲಿ ಎಷ್ಟು ವಿದ್ಯೆಗಳು ಅಡಗಿವೆಯೆಂಬುದನ್ನು ಗಮನಿಸಿ. ನಿಂತ ಗುರಿಗೆ ಎಸೆಯುವುದು, ಓಡುವ ಗುರಿಗೆ ಎಸೆಯುವುದು, ಪುಟಿದು ಬಂದ ಚೆಂಡನ್ನು ಹಿಡಿಯುವುದು, ಜೊತೆಗಾರನಿಗೆ ಒದಗಿಸುವುದು, ಬರುವ ಚೆಂಡಿನಿಂದ ತಪ್ಪಿಸಿಕೊಳ್ಳುವುದು, ಅವಸರದಲ್ಲಿಯೂ ಕೈ ನಡುಗದಂತೆ ಕಲ್ಲನ್ನು ಪೇರಿಸುವುದು! ಕ್ರಿಕೆಟ್ಟಿನಲ್ಲಿ ದೂರದ ಗಡಿಯ ಬಳಿ ನಿಂತ ಹುಡುಗನಿಗೆ ಅರ್ಧ ಗಂಟೆಯಾದರೂ ಕೆಲಸವಿರುವುದಿಲ್ಲ. ಲಗೋರಿಯಲ್ಲಿ ಯಾರೂ ಸುಮ್ಮನೆ ನಿಲ್ಲುವಂತಿಲ್ಲ. ಜಾಗವೂ ಹೆಚ್ಚು ಬೇಕಿಲ್ಲ. ತರಗತಿಯ ಕೋಣೆಯ ಎರಡರಷ್ಟು ಅಂಗಳವಿದ್ದರೆ ಒಂದು ಲಗೋರಿ ನಡೆಯುತ್ತದೆ.

ಪಾಠದ ಗಂಟೆಯಲ್ಲಿ ನಾವು ಅದಕ್ಕೆ ಕೆಲವು ಕಟ್ಟಳೆಗಳನ್ನು ಸೇರಿಸುತ್ತೇವೆ. ಪಕ್ಷಕ್ಕೆ ಐದೇ ಮಂದಿ. ಚೆಂಡು ಬಟ್ಟೆಯದು. ಹೊಡೆಯುವ ಪಕ್ಷದವರು ಚೆಂಡು ಹಿಡಿದು ಓಡಬಾರದು, ನಿಂತಲ್ಲಿಂದಲೇ ಎಸೆಯಬೇಕು. ಕನಿಷ್ಠ ಮೂವರ ಕೈ ದಾಟಿದ ಮೇಲೆಯೇ ಎದುರಾಳಿಯನ್ನು ಹೊಡೆಯಲು ಅವಕಾಶ. ಸೊಂಟದ ಕೆಳಗೆ ತಗುಲಿದರೆ ಮಾತ್ರ ಔಟು. ಔಟಾದವರನ್ನು ಬದಿಗೆ ಕೂರಿಸುವ ಪದ್ಧತಿಯನ್ನು ನಾವು ಪೂರ್ತಿಯಾಗಿ ಬಿಟ್ಟಿದ್ದೇವೆ. ಏಕೆಂದರೆ ಮೊದಲು ಔಟಾಗುವವನು ಯಾವಾಗಲೂ ಆಟವು ಕಡಮೆ ಬರುವವನೇ. ಹೆಚ್ಚು ಅಭ್ಯಾಸ ಬೇಕಾದವನನ್ನೇ ಹೊರಗೆ ಕೂರಿಸುವುದು, ಲೆಕ್ಕ ಬಾರದವನಿಂದ ಪಾಟಿಯನ್ನು ಕಿತ್ತುಕೊಂಡಂತೆ. ಔಟಾದವರು ಅಂಗಳವನ್ನು ಒಂದು ಸುತ್ತು ಓಡಿ ಬಂದು ಮತ್ತೆ ಆಟಕ್ಕೆ ಸೇರುತ್ತಾರೆ.

ಇನ್ನು ಚೆಂಡನ್ನು ಹಿಡಿಯುವ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಗೋಡೆಯ ನೆರಳನ್ನು ಹಿಡಿಯುವವರಲ್ಲಿ ಹೆಚ್ಚಿನವರು ಹಾಗೆ ಮಾಡುವುದು ಚೆಂಡಿನ ಭಯದಿಂದ. ಚೆಂಡು ಹತ್ತಿರ ಬಂದಾಗ ಅವರು ಮುಖವನ್ನು ತಿರುಗಿಸಿ, ಕಣ್ಣು ಮುಚ್ಚಿ, ಕೈಗಳನ್ನು ಹಲಗೆಯಂತೆ ಮುಂದೆ ಚಾಚುತ್ತಾರೆ. ಚೆಂಡು ಅಂಗೈಗೆ ಬಡಿದು ಉರಿಯುತ್ತದೆ, ಇಲ್ಲವೇ ಬೆರಳಿನ ತುದಿಗೆ ತಗುಲಿ ಬೆರಳು ಮಡಚುತ್ತದೆ. ಭಯವು ಇನ್ನಷ್ಟಾಗುತ್ತದೆ. ಇದಕ್ಕೆ ಧೈರ್ಯದ ಉಪದೇಶವು ಮದ್ದಲ್ಲ. ಮದ್ದು ಮೊಣಕೈಯಲ್ಲಿದೆ.

ಮೊಣಕೈಗಳನ್ನು ತುಸು ಬಾಗಿಸಿ ಕೈಗಳನ್ನು ಚೆಂಡಿನ ಕಡೆಗೆ ಚಾಚಬೇಕು. ಬೆರಳುಗಳು ಅಗಲವಾಗಿಯೂ ಸಡಿಲವಾಗಿಯೂ ಇರಬೇಕು. ಚೆಂಡು ಎದೆಗಿಂತ ಮೇಲೆ ಬಂದರೆ ಹೆಬ್ಬೆರಳುಗಳು ಒಂದಕ್ಕೊಂದು ಹತ್ತಿರ, ಬೆರಳುಗಳು ಮೇಲ್ಮುಖ. ಸೊಂಟಕ್ಕಿಂತ ಕೆಳಗೆ ಬಂದರೆ ಕಿರುಬೆರಳುಗಳು ಹತ್ತಿರ, ಬೆರಳುಗಳು ಕೆಳಮುಖ. ಚೆಂಡು ಬೆರಳಿಗೆ ತಾಗಿದ ಕ್ಷಣದಲ್ಲಿ ಕೈಗಳನ್ನು ಅದರೊಡನೆಯೇ ಎದೆಯ ಕಡೆಗೆ ಎಳೆದುಕೊಳ್ಳಬೇಕು. ಗುಟ್ಟೆಲ್ಲವೂ ಈ ಎಳೆದುಕೊಳ್ಳುವುದರಲ್ಲಿದೆ. ಒಂಬತ್ತನೆಯ ತರಗತಿಯಲ್ಲಿ ನ್ಯೂಟನ್ನನ ಎರಡನೆಯ ನಿಯಮವನ್ನು ಓದಿದವರು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಸುಮಾರು ೪೦೦ ಗ್ರಾಂ ತೂಕದ ಚೆಂಡು ಸೆಕೆಂಡಿಗೆ ೧೦ ಮೀಟರು ವೇಗದಲ್ಲಿ ಬಂತೆನ್ನಿ. ಕೈಯು ಗೋಡೆಯಂತೆ ನಿಂತು ಅದನ್ನು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ನಿಲ್ಲಿಸಿದರೆ, ಕೈಯ ಮೇಲೆ ಬೀಳುವ ಬಲವು ಸುಮಾರು ೪೦೦ ನ್ಯೂಟನ್. ೪೦ ಕಿಲೋಗ್ರಾಮಿನ ಮೂಟೆಯ ಭಾರದಷ್ಟು. ಅದೇ ಚೆಂಡನ್ನು ಒಂದು ಗೇಣಿನಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾ ಐದು ಪಟ್ಟು ಕಾಲದಲ್ಲಿ ನಿಲ್ಲಿಸಿದರೆ, ಬಲವು ೮೦ ನ್ಯೂಟನ್ನಿಗೆ ಇಳಿಯುತ್ತದೆ. ಎಂಟು ಕಿಲೋಗ್ರಾಮಿನ ಭಾರ. ಚೆಂಡು ಅದೇ, ವೇಗ ಅದೇ. ಒಂದು ಗೇಣು ಮಾತ್ರ ಹೆಚ್ಚು. ಹೆದರುವ ಮಗುವಿಗೆ ಈ ಗೇಣನ್ನು ಕೊಡುವುದೇ ಶಿಕ್ಷಕರ ಕೆಲಸ.

ಆದರೆ ನಿಯಮವನ್ನು ತಿಳಿದ ಮಾತ್ರಕ್ಕೆ ಕೈ ಒಗ್ಗುವುದಿಲ್ಲ. ಮೊದಲು ತನ್ನ ಚೆಂಡನ್ನು ತಾನೇ ಮೇಲಕ್ಕೆ ಚಿಮ್ಮಿ ಹಿಡಿಯಲಿ. ಅನಂತರ ಇಬ್ಬರು ಎರಡು ಹೆಜ್ಜೆಯ ಅಂತರದಲ್ಲಿ ನಿಂತು ಕೆಳಗಿನಿಂದ ಮೆಲ್ಲಗೆ ಎಸೆದುಕೊಳ್ಳಲಿ. ಹಿಡಿದರೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ. ಬಿಟ್ಟರೆ ಇಬ್ಬರೂ ಒಂದೊಂದು ಹೆಜ್ಜೆ ಮುಂದೆ. ಎಸೆಯುವವನು ಕೆಟ್ಟದಾಗಿ ಎಸೆದರೂ ಇಬ್ಬರೂ ಮುಂದೆ ಬರಬೇಕಾದ್ದರಿಂದ, ಜೊತೆಗಾರನಿಗೆ ಹಿಡಿಯಲು ಅನುಕೂಲವಾಗುವಂತೆ ಎಸೆಯುವ ಅಭ್ಯಾಸವು ತಾನಾಗಿಯೇ ಬೆಳೆಯುತ್ತದೆ. “ಚೆಂಡನ್ನು ನೋಡು” ಎನ್ನುವ ಬದಲು, “ಚೆಂಡಿನ ಹೊಲಿಗೆ ಯಾವ ಕಡೆಗಿತ್ತು, ಹೇಳು” ಎಂದು ಕೇಳಿ ನೋಡಿ. ಉತ್ತರ ಹೇಳಬೇಕಾದವನು ಕಣ್ಣು ಮುಚ್ಚಲಾರನು.

ಎಸೆಯುವುದನ್ನು ಕುರಿತು ಬಹಳ ಹೇಳಬೇಕಾಗಿಲ್ಲ. ಬಲಗೈಯಿಂದ ಎಸೆಯುವವನು ಎಡಗಾಲನ್ನು ಮುಂದಿಡಬೇಕು, ಎಡಗೈಯವನು ಬಲಗಾಲನ್ನು. ಯಾರೂ ಹೇಳಿಕೊಡದ ಮಕ್ಕಳು ಎಸೆಯುವ ಕೈಯ ಕಡೆಯ ಕಾಲನ್ನೇ ಮುಂದಿಟ್ಟು ತೋಳೊಂದರಿಂದಲೇ ಚೆಂಡನ್ನು ತಳ್ಳುತ್ತಾರೆ. ಎದುರು ಕಾಲನ್ನು ಮುಂದಿಟ್ಟರೆ ಸೊಂಟವು ತಿರುಗುತ್ತದೆ, ಸೊಂಟದ ಹಿಂದೆ ಭುಜ, ಭುಜದ ಹಿಂದೆ ಮೊಣಕೈ, ಕೊನೆಗೆ ಮಣಿಕಟ್ಟು. ಇಡೀ ದೇಹದ ಬಲವು ಚೆಂಡಿಗೆ ದೊರೆಯುತ್ತದೆ. “ಹುಡುಗಿಯರಿಗೆ ಎಸೆಯಲು ಬರುವುದಿಲ್ಲ” ಎಂಬ ಮಾತಿನ ಬಹುಪಾಲು ಈ ಕಾಲಿನ ತಪ್ಪೇ ಹೊರತು ತೋಳಿನದಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಪಾದಗಳನ್ನು ಬರೆದು ಅವುಗಳ ಮೇಲೆ ನಿಂತು ಎಸೆಯಹೇಳಿದರೆ, ತಪ್ಪು ತಿದ್ದಿಹೋಗುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಹುಡುಗಿಯರ ಮಾತು ಬಂದುದರಿಂದ ಇನ್ನೊಂದು ಸಂಗತಿ. ಮಾಧ್ಯಮಿಕ ತರಗತಿಗಳ ವಯಸ್ಸಿನಲ್ಲಿ ದೇಹವು ಒಂದೇ ಸಮನೆ ಬೆಳೆಯುವುದಿಲ್ಲ. ಹುಡುಗಿಯರ ಬೆಳವಣಿಗೆಯ ಭರವು ಹುಡುಗರದಕ್ಕಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ; ಹುಡುಗರಲ್ಲಿಯೂ ಒಬ್ಬನಿಗೆ ಹನ್ನೆರಡಕ್ಕೆ, ಇನ್ನೊಬ್ಬನಿಗೆ ಹದಿನೈದಕ್ಕೆ. ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನ ಭುಜಕ್ಕೆ ಬರುವುದು ಈ ಕಾರಣದಿಂದ. ಆರನೆಯ ತರಗತಿಯಲ್ಲಿ ಗಿಡ್ಡನಾದವನು ಹತ್ತನೆಯ ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಾಗಬಹುದು. ಹೀಗಿರುವಾಗ ಹನ್ನೊಂದು ವರ್ಷದ ಮಗುವನ್ನು ನೋಡಿ “ಇವನು ಆಟಗಾರ, ಇವನು ಅಲ್ಲ” ಎಂದು ತೀರ್ಪು ಕೊಡುವುದು ಮೊಳಕೆಯನ್ನು ನೋಡಿ ಫಲವನ್ನು ಎಣಿಸಿದಂತೆ.

ಆ ತೀರ್ಪನ್ನು ಶಿಕ್ಷಕರಿಗಿಂತ ಮೊದಲು ಸಹಪಾಠಿಗಳೇ ಕೊಟ್ಟುಬಿಡುತ್ತಾರೆಂಬುದು ದುಃಖದ ವಿಷಯ. ಇಬ್ಬರು ನಾಯಕರು ಮುಂದೆ ನಿಂತು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಆರಿಸುವ ಪದ್ಧತಿಯನ್ನು ನೀವೆಲ್ಲರೂ ಬಲ್ಲಿರಿ. ಕೊನೆಗೆ ಉಳಿಯುವ ಇಬ್ಬರ ಮುಖವನ್ನು ಎಂದಾದರೂ ನೋಡಿದ್ದೀರಾ? ಪ್ರತಿವಾರವೂ ನಲವತ್ತು ಮಂದಿಯ ಎದುರಿನಲ್ಲಿ ಅವರಿಗೆ “ನೀವು ಯಾರಿಗೂ ಬೇಡ” ಎಂದು ಸಾರಿದಂತಾಗುತ್ತದೆ. ನಾವು ಸಾಲಿನಲ್ಲಿ ನಿಲ್ಲಿಸಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತೇವೆ. ಒಂದರವರೆಲ್ಲ ಒಂದು ಕಡೆ, ಎರಡರವರೆಲ್ಲ ಇನ್ನೊಂದು ಕಡೆ. ಅರ್ಧ ನಿಮಿಷದಲ್ಲಿ ಪಕ್ಷಗಳು ಸಿದ್ಧವಾಗುತ್ತವೆ, ಯಾರ ಮನಸ್ಸೂ ಮುರಿಯುವುದಿಲ್ಲ. ಗೆಳೆಯನ ಪಕ್ಕದಲ್ಲಿಯೇ ಬೇಕೆಂದು ಸಾಲಿನಲ್ಲಿ ಜಾಗ ಬದಲಾಯಿಸುವ ಜಾಣರು ಇದ್ದೇ ಇರುತ್ತಾರೆ. ಅವರಿಗಾಗಿ ಎಣಿಕೆಯನ್ನು ಕೆಲವೊಮ್ಮೆ ಸಾಲಿನ ಕೊನೆಯಿಂದ ಆರಂಭಿಸುವುದುಂಟು.

ವಾಲಿಬಾಲನ್ನು ಎಂಟನೆಯ ತರಗತಿಗೆ ಮೊದಲು ಪೂರ್ಣರೂಪದಲ್ಲಿ ಆಡಿಸುವುದು ನಮಗೆ ಒಪ್ಪಿಗೆಯಿಲ್ಲ. ಮುಂಗೈಯಿಂದ ಚೆಂಡನ್ನು ಎತ್ತುವುದು ಎಳೆಯ ಕೈಗಳಿಗೆ ನೋವು. ಚೆಂಡು ಎರಡು ಬಾರಿಯೂ ಬಲೆ ದಾಟುವುದಿಲ್ಲ, ಆಟವೆಲ್ಲ ಚೆಂಡು ಹೆಕ್ಕುವುದರಲ್ಲಿಯೇ ಕಳೆಯುತ್ತದೆ. ಅದರ ಬದಲು ಥ್ರೋಬಾಲ್ ಇದೆ. ಎರಡು ಕೈಗಳಿಂದ ಹಿಡಿದು, ಮೂರು ಸೆಕೆಂಡುಗಳೊಳಗೆ ಒಂದು ಕೈಯಿಂದ ಬಲೆಯಾಚೆಗೆ ಎಸೆಯುವ ಈ ಆಟವನ್ನು, ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಸಿಮೆಂಟಿನ ಅಂಗಳದಲ್ಲಿಯೂ ಆಡಬಹುದು. ಹಿಡಿಯಲು ಎಸೆಯಲು ಚೆನ್ನಾಗಿ ಬಂದ ಮೇಲೆ ವಾಲಿಬಾಲಿಗೆ ಹೋಗುವುದು ಸುಗಮ.

ಬಿಸಿಲಿನ ಮಾತನ್ನೂ ಹೇಳಿಬಿಡುತ್ತೇವೆ. ಮಾರ್ಚಿಯಿಂದ ಮುಂದೆ ಈ ಊರಿನ ಸಿಮೆಂಟಿನ ಅಂಗಳವು ಹತ್ತು ಗಂಟೆಗೆಲ್ಲ ಕಾವಲಿಯಂತೆ ಕಾಯುತ್ತದೆ. ಆ ದಿನಗಳಲ್ಲಿ ಬೆಳಗಿನ ಮೊದಲ ಗಂಟೆಯಲ್ಲಿ ಮಾತ್ರ ಹೊರಗಿನ ಆಟ. ಬಾಯಾರಿಕೆಯಾಗುವವರೆಗೆ ಕಾಯದೆ ನಡುನಡುವೆ ನೀರು. ಬರಿಗಾಲಿನ ಆಟ ಬೇಡವೇ ಬೇಡ.

ಇಷ್ಟೆಲ್ಲ ಮಾಡಬೇಕಾದರೆ ಗಂಟೆಯು ನಮ್ಮ ಕೈಯಲ್ಲಿ ಉಳಿಯಬೇಕಲ್ಲ! ಪರೀಕ್ಷೆಯು ಹತ್ತಿರ ಬಂದಂತೆ ವ್ಯಾಯಾಮದ ಗಂಟೆಯು ಸಾಲವಾಗಿ ಹೋಗುತ್ತದೆ. ಗಣಿತಕ್ಕೆ ಒಂದು, ವಿಜ್ಞಾನಕ್ಕೆ ಒಂದು. ಕೊಟ್ಟ ಸಾಲವು ಮರಳಿ ಬಂದುದನ್ನು ನಾವು ಇದುವರೆಗೆ ಕಂಡಿಲ್ಲ. ಆ ವಿಷಯಗಳ ಉಪಾಧ್ಯಾಯರ ಮೇಲೆ ನಮಗೆ ಕೋಪವಿಲ್ಲ. ಪಾಠಗಳನ್ನು ಮುಗಿಸುವ ಭಾರವು ಅವರ ತಲೆಯ ಮೇಲಿದೆ. ಆದರೆ ಶಾಲೆ ಬಿಟ್ಟೊಡನೆ ತರಬೇತಿಯ ತರಗತಿ, ಅಲ್ಲಿಂದ ಮನೆ, ಮನೆಯಲ್ಲಿ ಮನೆಗೆಲಸದ ಪುಸ್ತಕ ಎಂದು ದಿನವನ್ನು ಕಳೆಯುವ ದಿಲ್‌ಸುಖ್‌ನಗರದ ಮಗುವಿಗೆ ಓಡಾಡಲು ದೊರೆಯುವ ಬಯಲು ಈ ಒಂದು ಅಂಗಳ, ದೊರೆಯುವ ಹೊತ್ತು ಈ ಒಂದು ಗಂಟೆ. ಗೋಡೆಯ ಬಳಿ ನಿಂತವನಿಗಂತೂ, ಚೆಂಡಿನೊಡನೆ ಅವನ ಪರಿಚಯವು ಇಲ್ಲಿ ಆಗದಿದ್ದರೆ ಇನ್ನೆಲ್ಲಿಯೂ ಆಗುವಂತಿಲ್ಲ.

ಬರುವ ವರ್ಷದ ಮೊದಲ ತಿಂಗಳಿನಿಂದ ಶನಿವಾರದ ಕೊನೆಯ ಗಂಟೆಯಲ್ಲಿ ಆರು, ಏಳು, ಎಂಟನೆಯ ತರಗತಿಗಳಿಗೆ ಎದುರುಗೈಯ ಪಂದ್ಯಾಟವೊಂದನ್ನು ನಡೆಸಬೇಕೆಂದಿದ್ದೇವೆ. ಪಕ್ಷಕ್ಕೆ ಐವರು, ಹುಡುಗರೂ ಹುಡುಗಿಯರೂ ಕೂಡಿ. ಗೋಡೆಗೆ ನೇತುಹಾಕಿದ ಬಿದಿರಿನ ಬುಟ್ಟಿಯೇ ಗುರಿ. ಬಲಗೈಯವರು ಎಡಗೈಯಿಂದಲೂ ಎಡಗೈಯವರು ಬಲಗೈಯಿಂದಲೂ ಎಸೆಯಬೇಕು. ಚೆಂಡು ಹಿಡಿದವರು ಓಡಕೂಡದು. ಐವರ ಕೈಯನ್ನೂ ಮುಟ್ಟದೆ ಬುಟ್ಟಿಗೆ ಬಿದ್ದ ಚೆಂಡು ಲೆಕ್ಕಕ್ಕಿಲ್ಲ. ಆಟವಾಡದ ವರ್ಗದವರು ಬದಿಯಲ್ಲಿ ಕುಳಿತು ಪ್ರತಿಯೊಬ್ಬರಿಗೂ ಚೆಂಡು ಎಷ್ಟು ಸಲ ಬಂತೆಂದು ಕಾಗದದ ಮೇಲೆ ಗೆರೆ ಎಳೆದು ಗುರುತು ಹಾಕುವರು. ಹಳೆಯ ಕಾಲುಚೀಲಗಳನ್ನೂ ಬಟ್ಟೆಯ ಚೂರುಗಳನ್ನೂ ರಜೆಯಿಂದ ಬರುವಾಗಲೇ ತಂದು ವ್ಯಾಯಾಮದ ಕೋಣೆಯಲ್ಲಿ ಒಪ್ಪಿಸಬೇಕು. ಒಗೆದು ತರಬೇಕೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.